ನಡುಗೋಡೆ

ಇಲ್ಲ ಲಾಯರಮ್ಮ, ನಾನು ಕೂರಲ್ಲ. ಕೂತ್ರೆ ಇವತ್ತು ಏಳೋಕಾಗಲ್ಲ ನನಗೆ... ಸರಿ, ಸರಿ, ಕೂತೆ. ಮೊದಲು ಅದೊಂದು ಹೇಳಿಬಿಡಿ. ಸಿವಿಲ್ ಕೇಸು ಅಂದ್ರೆ ಜೈಲಿಲ್ಲ, ಅಲ್ವಾ? ಪೊಲೀಸರು ಬರಲ್ಲ, ಬೇಡಿ ಹಾಕಲ್ಲ... ಯಾಕೆ ನಗ್ತೀರಿ? ನಗಬೇಡಿ ತಾಯಿ. ನಿಮಗೆ ಕೋರ್ಟು ಅಂದ್ರೆ ಅಡುಗೆಮನೆ ಇದ್ದ ಹಾಗೆ. ನಾನು ಲಾಂಡ್ರಿಯವಳು. ಕರೀ ಕೋಟು ನೋಡಿದ್ರೆ ಅದಕ್ಕೆ ಇಸ್ತ್ರಿ ಸಾಲದು ಅಂತ ಹೇಳಬಲ್ಲೆ, ಅದರಾಚೆ ನನಗೇನೂ ಗೊತ್ತಿಲ್ಲ.

ಹೂಂ... ಹೂಂ. ಅಂದ್ರೆ ಜಗಳ ಇಬ್ಬರ ಮಧ್ಯೆ. ಇದನ್ನ ಮಾಡಬೇಡ ಅಂತಲೋ, ಆಗಿರೋ ನಷ್ಟ ತುಂಬಿಕೊಡು ಅಂತಲೋ ಜಡ್ಜು ಹೇಳ್ತಾರೆ. ಅಷ್ಟೇ! ಜೈಲಿಲ್ಲ. ಅಬ್ಬ... ಇನ್ನೊಂದ್ಸಲ ಹೇಳಿ, ನಿಮ್ಮ ಬಾಯಿಂದಲೇ ಕೇಳಬೇಕು. ಜೈಲಿಲ್ಲ. ಆಯ್ತು.

ಒಂದು ಲೋಟ ನೀರು ಕೊಡ್ತೀರಾ? ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ... ಅಯ್ಯೋ, ಚೆಲ್ಲಿತಲ್ಲ ನಿಮ್ಮ ಮೇಜಿನ ಮೇಲೆಲ್ಲ! ಇರಿ, ಸೆರಗಲ್ಲಿ ಒರೆಸ್ತೀನಿ.

ಹೇಳ್ತೀನಿ, ಮೊದಲಿಂದಲೇ ಹೇಳ್ತೀನಿ. ಈಚೆ ನನ್ನ ಲಾಂಡ್ರಿ, ಆಚೆ ಆ ಕೇಸು ಹಾಕಿದೋನ ಗಡಿಯಾರ ರಿಪೇರಿ ಅಂಗಡಿ. ಎರಡಕ್ಕೂ ಒಂದೇ ನಡುಗೋಡೆ, ಒಂದಿಟ್ಟಿಗೆ ದಪ್ಪ. ನಮ್ಮ ಯಜಮಾನರು ಇದ್ದ ಕಾಲದಿಂದ ಅಕ್ಕಪಕ್ಕ. ಕೂದಲಿನಂಥ ಸ್ಪ್ರಿಂಗು ಕೂರಿಸುವಾಗ ಅವನು ಗೋಡೆಗೆ ಟಕ್ ಟಕ್ ಅಂತ ತಟ್ಟೋನು. ನಾನು ಒಗೆಯೋ ಮೆಷಿನ್ ನಿಲ್ಲಿಸಿ ತಿರುಗಿ ತಟ್ಟೋಳು. ನಿಲ್ಲಿಸಿದೀನಪ್ಪ, ಕೂರಿಸ್ಕೋ ಅಂತ. ಕೆಲಸ ಮುಗಿದ ಮೇಲೆ ಮತ್ತೆ ತಟ್ಟೋನು. ಒಂದೊಂದ್ಸಲ ಸುಮ್ಮನೆ, ಬೇಜಾರಾದಾಗ ನಾನೂ ತಟ್ಟಿದ್ದಿದೆ. ಇದೀಯಾ? ಇದೀನಿ. ಅಷ್ಟೇ ಮಾತು. ಯಜಮಾನರು ತೀರಿಹೋದ ವರ್ಷವೆಲ್ಲ ಆ ತಟ್ಟೋ ಸದ್ದೇ ನನಗೆ ಜೊತೆ. ನಾನು ತಟ್ಟಿ ಆ ಮನುಷ್ಯ ತಿರುಗಿ ತಟ್ಟದ ದಿನ ಇಲ್ಲ... ಇರಲಿಲ್ಲ.

ಆಮೇಲೆ ಅಳಿಯ ತಂದುಕೊಟ್ಟ, ಬಟ್ಟೆ ಹಿಂಡೋ ದೊಡ್ಡ ಮೆಷಿನ್ನು. ನೆಲಕ್ಕೆ ಕೂರಿಸೋಕೆ ಜಾಗ ಸಾಲದು ಅಂತ ಫಿಟ್ಟರ್ ಗೋಡೆಗೇ ತೂತು ಕೊರೆದು ಬೋಲ್ಟ್ ಬಿಗಿದುಬಿಟ್ಟ. ತಿರುಗೋಕೆ ಶುರುವಾದ್ರೆ ಗೋಡೆಗೇ ಚಳಿಜ್ವರ! ಆಚೆಯಿಂದ ಅವನು ತಟ್ಟಿದ್ದಾನೆ, ತಟ್ಟಿದ್ದಾನೆ, ಆ ಸದ್ದಲ್ಲಿ ನನಗೇನು ಕೇಳುತ್ತೆ? ಬೇಕಂತಲೇ ನಿಲ್ಲಿಸ್ತಿಲ್ಲ, ಇವಳಿಗೆ ಕೊಬ್ಬು ಅಂತ ತಿಳಿದುಕೊಂಡ. ಬಂದ, ಬೈದ. ನಾನೇನು ಕಡಿಮೆನಾ? ನಿನ್ನ ಗಡಿಯಾರ ಹಾಳಾಗಿ ಹೋಗಲಿ ಅಂದೆ. ಅಂದುಬಿಟ್ಟೆ ಲಾಯರಮ್ಮ, ಬೀದಿಯೋರೆಲ್ಲ ಕೇಳೋ ಹಾಗೆ! ಮಾರನೇ ವಾರ ಕೋರ್ಟಿನ ಕಾಗದ ಬಂತು.

ಲಾಯರ್ ಹಿಡಿಯಲೇಬೇಕಾ? ನಮ್ಮ ಮೈದುನ ಬೇಡ ಅಂತಾನೆ. ಅವನಿಗೆ ಎಲ್ಲಾ ಗೊತ್ತು, ಏನೂ ಗೊತ್ತಿಲ್ಲ. ಲಾಯರುಗಳು ಮಾಡೋದೇನತ್ತಿಗೆ, ಡೇಟು ತಗೊಳ್ಳೋದು ತಾನೇ, ಅದಕ್ಕೆ ನೀನೇ ಹೋಗು ಅಂದ... ಏನಂದ್ರಿ? ನಾನೇ ಹೋಗಿ ಮಾತಾಡಬಹುದು, ತಪ್ಪಿಲ್ಲ... ಹೂಂ... ಆದ್ರೆ ಗಡುವಿನೊಳಗೆ ಉತ್ತರ ಬರೆದು ಕೊಡಬೇಕು, ಯಾವುದನ್ನ ಒಪ್ಪಬೇಕು, ಯಾವುದನ್ನ ಅಲ್ಲ ಅನ್ನಬೇಕು ಗೊತ್ತಿರಬೇಕು, ಸಾಕ್ಷಿ ನಿಲ್ಲಿಸಬೇಕು, ಸಾಧ್ಯವಾದ್ರೆ ರಾಜಿಗೂ ಕೂರಿಸಬೇಕು... ಏನು ಮಾತಾಡಬೇಕು ಅನ್ನೋದಕ್ಕಿಂತ ಏನು ಮಾಡಬಾರದು ಅಂತ ಹೇಳೋಕೇ ಲಾಯರ್ ಬೇಕಾ?

ಅಯ್ಯೋ. ಅದನ್ನ ನಿನ್ನೆ ಯಾರಾದ್ರೂ ಹೇಳಬಾರದಿತ್ತಾ?

ಏನಿಲ್ಲ! ಏನಿಲ್ಲಮ್ಮ, ಸುಮ್ಮನೆ ಅಂದೆ.

ಹೌದು, ನಾಳೆನೇ. ನಾಳೆ ಕಮಿಷನರ್ ಬರ್ತಾರಂತೆ. ಪೊಲೀಸ್ ಕಮಿಷನರೇ ಅಂತ ತಿಳಿದು ಮೊನ್ನೆ ಮೂರ್ಛೆ ಹೋಗೋದೊಂದು ಬಾಕಿ! ಅಲ್ಲವಂತೆ, ಕೋರ್ಟು ಕಳಿಸೋ ವಕೀಲರಂತೆ, ಗೋಡೆ ನೋಡಿ ಬರ್ಕೊಂಡು ಹೋಗೋಕೆ. ಅವರು ಬಂದು ನೋಡೋವರೆಗೂ ಇದ್ದದ್ದು ಇದ್ದ ಹಾಗೇ ಇರಲಿ, ಯಾರೂ ಏನೂ ಮುಟ್ಟಕೂಡದು ಅಂತ ಜಡ್ಜು ಹೇಳಿದಾರೆ... ಗೊತ್ತು, ಗೊತ್ತು. ನಾನೆಲ್ಲಿ ಮುಟ್ಟಿದೆ? ಮುಟ್ಟಿಲ್ಲ! ದೇವರಾಣೆ!

ಏನು ನೋಡ್ತಿದೀರಿ? ಭುಜದ ಮೇಲಾ? ಸೋಪಿನ ಪುಡಿ ಅದು... ಈಗ ಯಾಕೆ ಒರೆಸ್ಕೊಂಡೆ ಅಂತಾನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗೆ ಆಯ್ತಲ್ಲ ನನ್ನ ಪಾಡು. ಕೂದಲಲ್ಲೂ ಇದೆಯಾ? ಇರುತ್ತೆ. ಗೋಡೆ ಗಾರೆ ಅಲ್ವಾ, ಎಲ್ಲಾ ಕಡೆ ಹಾರುತ್ತೆ...

ಬೈಬೇಡಿ. ಮೈದುನ ಹೇಳಿದ. ಕಮಿಷನರ್ ಬರೋದರೊಳಗೆ ಮೆಷಿನ್ ಬಿಚ್ಚಿ ಈಚೆಗೆ ಎಳೆದುಬಿಡು, ಗೋಡೆಗೆ ತಾಗೇ ಇರಲಿಲ್ಲ ಅನ್ನು, ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂದ. ಊಟದ ಹೊತ್ತು, ಬೀದೀಲಿ ಯಾರೂ ಇರಲಿಲ್ಲ. ಶಟರ್ ಎಳ್ಕೊಂಡು ಬಿಚ್ಚೋಕೆ ಹೋದೆ. ಒಂದು ಬೋಲ್ಟು ಜಪ್ಪಯ್ಯ ಅಂದ್ರೂ ಬರಲಿಲ್ಲ. ಸುತ್ತಿಗೆ ತಗೊಂಡು ಹೊಡೆದೆ. ಸಿಟ್ಟಿತ್ತಮ್ಮ, ಇಷ್ಟು ದಿನದ ಸಿಟ್ಟು. ಹೊಡೆದೆ, ಹೊಡೆದೆ... ಇಟ್ಟಿಗೆ ಸಮೇತ ಆಚೆ ಹೋಯ್ತು.

ಆಚೆ ಕಡೆ ಅದೇ ಗೋಡೆಗೆ ಒರಗಿಸಿ ಅವರ ಗಡಿಯಾರದ ಬೀರು ಇತ್ತು. ಉದ್ದಕ್ಕೆ, ಆಳೆತ್ತರ. ಬಿತ್ತು ಅಂತ ಕಾಣುತ್ತೆ. ಸದ್ದಾಯ್ತು, ಗಾರೆ ಧೂಳಲ್ಲಿ ತೂತಿಂದ ಏನೂ ಕಾಣಲಿಲ್ಲ.

ಬರ್ಕೊಳ್ಳಿ. ನಷ್ಟ ಎಷ್ಟಾದ್ರೂ ಕೊಡ್ತೀನಿ, ಮೆಷಿನ್ ಮಾರಿ ಕೊಡ್ತೀನಿ. ಗೋಡೆ ಕಟ್ಟಿಸಿಕೊಡ್ತೀನಿ, ತಪ್ಪಾಯ್ತು ಅಂತ ಕಾಲಿಗೆ ಬೀಳ್ತೀನಿ. ರಾಜಿ ಅಂತ ಬರ್ಕೊಳ್ಳಿ! ಏನಿದ್ರೂ ಸಿವಿಲ್ಲೇ ಅಲ್ವಾ ಇದು? ಕೋರ್ಟಿಗೆ ಹೋದ್ರೆ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ, ಸತ್ತ ಅಂದ್ರೆ ಅದು ಸುಮ್ಮನೆ ಗಾದೆ... ಗಾದೆಗೆ ಹೇಳ್ತಾರೆ...

ಪೆನ್ನು ಯಾಕೆ ಕೆಳಗಿಟ್ರಿ?

ಲಾಯರಮ್ಮ?

ಇಷ್ಟೊತ್ತು ಒಂದೊಂದಕ್ಕೂ ಪ್ರಶ್ನೆ ಕೇಳ್ತಿದ್ರಲ್ಲ, ಈಗ ಕೇಳಿ. ಬೀರು ಎಷ್ಟು ಭಾರ ಅಂತ ಕೇಳಿ. ಎಷ್ಟು ಗಡಿಯಾರ ಒಡೆದವು ಅಂತ ಕೇಳಿ. ಹಾಗೆ ನೋಡಬೇಡಿ ನನ್ನ, ಭಯ ಆಗುತ್ತೆ! ಬೈದಾದ್ರೂ ಬಿಡಿ...

ಅವರು ಬೀರಿಗೆ ಬೆನ್ನು ಕೊಟ್ಟೇ ಕೂರೋದು. ಕಿಟಕಿ ಬೆಳಕು ಮುಂದೆ ಬೀಳಲಿ ಅಂತ. ಧೂಳು ಬರದ ಹಾಗೆ ಬಾಗಿಲು ಹಾಕ್ಕೊಂಡು ಕೂರ್ತಾರೆ.

ಊಟಕ್ಕೆ ಹೋಗಿದ್ರೇನೋ ಅಂದುಕೊಂಡೆ. ಆದ್ರೆ ಶಟರ್ ಎಳೆಯೋಕೆ ಮುಂಚೆ ಅವರ ಕೆಮ್ಮು ಕೇಳಿಸಿತ್ತು ನನಗೆ. ಅವರ ಬಾಗಿಲು ದಾಟಿಕೊಂಡೇ ಇಲ್ಲಿಗೆ ಓಡಿಬಂದೆ ಲಾಯರಮ್ಮ. ಅವರ ಚಪ್ಪಲಿ ಹೊರಗೆ ಅಲ್ಲೇ ಇತ್ತು. ಬಾಗಿಲು ಬಡೀಲಿಲ್ಲ. ಸಹಾಯಕ್ಕೆ ಯಾರನ್ನೂ ಕರೀಲಿಲ್ಲ. ಜೈಲಿಲ್ಲ ಅಂತ ಯಾರಾದ್ರೂ ಹೇಳಿದ್ರೆ ಸಾಕು, ಆಮೇಲೆ ಹೋಗಿ ಬಡೀತೀನಿ ಅಂದುಕೊಂಡು ಬಂದುಬಿಟ್ಟೆ.

ಹೂಂ, ಫೋನ್ ಮಾಡಿ. ಆಂಬುಲೆನ್ಸಿಗೂ ಮಾಡಿ, ಪೊಲೀಸರಿಗೂ ಮಾಡಿ, ಯಾರು ಬೇಕಾದ್ರೂ ಬರಲಿ. ಬನ್ನಿ, ನೀವೂ ಬನ್ನಿ, ಬೇಗ! ಒಳಗಿಂದ ಚಿಲಕ ಹಾಕಿರುತ್ತೆ, ಬಾಗಿಲು ಮುರೀಬೇಕಾಗುತ್ತೆ...

ಬರೋ ಮುಂಚೆ ತಟ್ಟಿದೆನಮ್ಮ. ಉಳಿದಿರೋ ಗೋಡೆಗೆ ತಟ್ಟಿ, ಅಣ್ಣಾ ಅಂತ ಕೂಗಿ, ಕಿವಿ ಇಟ್ಟು ನಿಂತೆ. ಗಡಿಯಾರಗಳು ಓಡ್ತಾನೇ ಇದ್ವು. ಅಣ್ಣ ತಿರುಗಿ ತಟ್ಟಲಿಲ್ಲ.