ತುಂಗಾಳ ಎಣ್ಣಿ ನೀರು

ಕಸಬಾ ಪೇಟೆಯ ನಳದ ಸಾಲಿನಲ್ಲಿ ಎಲ್ಲರೂ ಮರಾಠಿಯವರೇ ಎಂದುಕೊಂಡು ಆ ಅತ್ತೆ-ಸೊಸೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಹಿಂದೆ ಕೊಡ ಹಿಡಿದು ನಿಂತ ಅಂಬಕ್ಕ ಬೆಳಗಾವಿಯವಳೆಂದು ಅವರಿಗೇನು ಗೊತ್ತು!

“ಗೋದಾ, ಮೊನ್ನೆ ದೀಪಾವಳಿಗೆ ಎಲ್ಲಾ ಮೊಮ್ಮಕ್ಕಳಿಗೂ ನಾನಽ ಎಣ್ಣಿ ಹಚ್ಚಿದೆ. ನಿನ್ನ ಮಗಳು ತುಂಗಾಗ ಮಾತ್ರ ನೀನಽ ಮೊದಲ ನೀರು ಹಾಕಿಬಿಟ್ಟಿ. ಯಾಕ?”

“ಅಕಿ ಲಗೂ ಎದ್ದಿದ್ಲರಿ, ಅತ್ಯಾ.”

“ಇವತ್ತ ಅಕಿ ಪೋಲಕಾ ಬದಲಿಸೋ ಮುಂದ ಬೆನ್ನು ನೋಡಿದೆ.”

“ಮೆಟ್ಟಲ ಮ್ಯಾಲಿಂದ ಬಿದ್ದಾಳ್ರಿ.”

“ಬಿದ್ರ ಮೊಣಕಾಲು ಕೆತ್ತತಾವ. ಬೆನ್ನ ಮ್ಯಾಲ ಸೊಂಟದ ಪಟ್ಟಾದ ಬಾಸಾಳ ಏಳೂದಿಲ್ಲ. ನನ್ನ ಮಗ ಅವಧೂತ ಹೊಡದಾನಲ್ಲ?”

ಗೋದಾ ಕೊಡ ಕೆಳಗಿಟ್ಟಳು.

“ಕಾರಖಾನ್ಯಾಗ ಗೋರಾ ಸಾಹೇಬ ಬೈದಿದ್ನಂತರಿ. ಆ ಸಿಟ್ಟು ಹುಡುಗಿ ಮ್ಯಾಲ ತೀರಿಸಿದ್ರು. ನಿಮ್ಮ ಮಗನ ದೂರು ನಿಮ್ಮ ಮುಂದ ಹೆಂಗ ಹೇಳಲಿ? ನಾ ಹೇಳೀನಂತ ಅನಬ್ಯಾಡ್ರಿ.”

“ನೀ ಎಲ್ಲಿ ಹೇಳಿದಿ? ನಾ ಕಣ್ಣಾರೆ ನೋಡೀನಿ. ಇವತ್ತಿಂದ ತುಂಗಾ ನನ್ನ ಕೋಣ್ಯಾಗ ಮಲಗ್ತಾಳ.”

“ಅವರು ಸಿಟ್ಟಿಲೆ ಕರ್ಯಾಕ ಬಂದ್ರ?”

“ಬರ್ಲಿ. ಬಾಗಲಾ ತಗ್ಯಾಕಿ ನಾ ಇದ್ದೀನಲ್ಲ.”

ಮುದುಕಿ ತುಂಬಿದ ಕೊಡವನ್ನು ಸೊಂಟಕ್ಕೇರಿಸಿ ಸೊಸೆಯ ಜೊತೆ ಹೊರಟಳು. ಹೋಗುತ್ತ ಆಡಿದ ಮಾತೂ ಅಂಬಕ್ಕನಿಗೆ ಕೇಳಿಸಿತು:

“ಅವನ ಬೆನ್ನಿಗೂ ಎಣ್ಣಿ ತಿಕ್ಕಿ ಬೆಳಸಿದಾಕಿ ನಾನಽ. ಅದರ ಮ್ಯಾಲ ಒಂದು ಬಾಸಾಳ ಇರಲಿಲ್ಲ, ಗೋದಾ.”