ಅಂಗೈ ಹುಣ್ಣಿಗೆ ಕ್ಯಾಮೆರಾ

...ನಗು, ಚೆನ್ನಾಗಿ ನಗು. ನಕ್ಕು ಮುಗಿದ ಮೇಲೆ ಆ ಕೀಲಿಕೈ ತಂದು ಇಲ್ಲಿ ಮೇಜಿನ ಮೇಲೆ ಇಡು. ಅಕ್ಕ ಹೇಳ್ತಿದ್ದೀನಿ, ಇಡೋ ಅಂದ್ರೆ. ಮೂರು ಗಂಟೆಗೆ ಹಲ್ಲಿನ ಡಾಕ್ಟರಮ್ಮ ಬರ್ತಾರೆ, ಮಗಳನ್ನೂ ಕರ್ಕೊಂಡು ಬರ್ತಾರೆ, ಎಲ್ಲ ಗೊತ್ತು ನನಗೆ. ಬರಲಿ. ಕೂತು ಟೀ ಕುಡಿದು ಹೋಗಲಿ. ಅವರ ಕಾರು, ನಮ್ಮ ಬಾತುಕೋಳಿ, ಮಾತ್ರ ಇವತ್ತು ಈ ಶೆಡ್ ಬಿಟ್ಟು ಕದಲಲ್ಲ. ಅರವತ್ತು ವರ್ಷದ ಕಾರು. ಇನ್ನೊಂದು ತಿಂಗಳು ನಿಂತರೆ ಅದಕ್ಕೇನು ಹೊಸದಾಗಿ ಮುಪ್ಪು ಬರುತ್ತಾ?

ಮತ್ತೆ ನಗ್ತೀಯ. ಏನು, ಈ ವಯರ್ ನೋಡಿಯಾ?

ಹೌದಪ್ಪ, ಆಟದ ಸಾಮಾನೇ. ಒಂದು ಜೊತೆ ಚಪ್ಪಲಿ ಬೆಲೆ ಇದಕ್ಕೆ, ಅದೂ ಒಳ್ಳೆ ಚಪ್ಪಲಿಯದಲ್ಲ. ಐದು ಮೀಟರ್ ವಯರು, ತುದಿಯಲ್ಲಿ ಕಡಲೆಕಾಳಿನಷ್ಟು ಕಣ್ಣು, ಕಣ್ಣಿನ ಸುತ್ತ ಆರು ಪುಟ್ಟ ದೀಪ. ಈ ಕಡೆ ತುದಿ ಫೋನಿಗೆ ಚುಚ್ಚಿದರೆ ಮುಗೀತು. ಇದರ ದೋಷ ನನಗೆ ಗೊತ್ತಿಲ್ಲ ಅಂದ್ಕೋಬೇಡ. ತೀರಾ ಹತ್ತಿರ ಹೋದ್ರೆ ಮಂಜು ಮಂಜು. ಒಳಗೆ ಹೋಗಿ ತಿರುಗಿಕೊಂಡ್ರೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ವಯರು ಮೆತ್ತಗೆ, ಕುಡಿದವನ ಹಾಗೆ ಹೇಳಿದ ಕಡೆ ಹೋಗಲ್ಲ. ಅದಕ್ಕೇ ನೋಡು, ಹಳೇ ಬ್ರೇಕ್ ಕೇಬಲ್ ಜೊತೆ ಸೇರಿಸಿ ಟೇಪ್ ಸುತ್ತಿದ್ದೀನಿ. ಈಗ ಹೇಳಿದ ಮಾತು ಕೇಳುತ್ತೆ. ಮನೆಯಲ್ಲಿ ನನ್ನ ಮಾತು ಕೇಳೋದು ಇದೊಂದೇ.

ಹೋದ ತಿಂಗಳು ಆ ಹಸಿರು ಕಾರು ಹೊಗೆ ಉಗುಳ್ತಿತ್ತಲ್ಲ, ಎಂಜಿನ್ ಬಿಚ್ಚಬೇಕು, ಹದಿನೈದು ದಿನ ಅಂತ ಎಲ್ಲರೂ ಅಂದ್ರು. ನಾನು ಪ್ಲಗ್ ತೆಗೆದು ಆ ತೂತಿನಲ್ಲೇ ಇದನ್ನ ಇಳಿಸಿದೆ. ಮೂರು ಸಿಲಿಂಡರ್ ಗೋಡೆ ಕನ್ನಡಿ ಹಾಗಿತ್ತು. ನಾಲ್ಕನೇದು ಬೆಕ್ಕು ಪರಚಿದ ಹಾಗೆ. ಎಲ್ಲಿ ನೋವು ಅಂತ ಬಿಚ್ಚೋಕೆ ಮುಂಚೆಯೇ ಗೊತ್ತಾಯ್ತು. ಆ ವಕೀಲರ ಗಾಡಿ? ಏಸಿ ಹಾಕಿದ್ರೆ ನಾತ, ನಾತ ಅಂತ ಮೂರು ಕಡೆ ತೋರಿಸಿಕೊಂಡು ಬಂದಿದ್ರು. ಗಾಳಿ ಕೊಳವೆಯೊಳಗೆ ಇಲಿ ಗೂಡು. ಗಾಡಿಯ ಕಾಗದಪತ್ರನೆಲ್ಲ ಹರಿದು ಹಾಸಿಗೆ ಮಾಡಿಕೊಂಡು ಮಲಗಿತ್ತು. ಆವತ್ತು ನೀನೇ ಹೊಟ್ಟೆ ಹಿಡ್ಕೊಂಡು ನಕ್ಕಿದ್ದು. ಆವತ್ತು ಇದು ಆಟದ ಸಾಮಾನಾಗಿರಲಿಲ್ವಾ?

ಗೊತ್ತು, ಗೊತ್ತು, ಅಪ್ಪನ ಸ್ಪ್ಯಾನರ್ ಕಡೆ ಕೈ ತೋರಿಸಬೇಡ. ಅಪ್ಪ ತಟ್ಟಿ ನೋಡ್ತಿದ್ರು. ತಟ್ಟಿದ್ರೆ ತಗಡು ಮಾತಾಡ್ತಿತ್ತು. ಸರಿ. ಅಪ್ಪನ ಕಾಲದಲ್ಲಿ ಇದು ಇರಲಿಲ್ಲ, ತಟ್ಟಿದ್ರು. ಇದ್ದಿದ್ರೆ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ರು. ಅಪ್ಪನನ್ನ ನಿನಗಿಂತ ಆರು ವರ್ಷ ಜಾಸ್ತಿ ನೋಡಿದವಳು ನಾನು. ನನಗೆ ಹೇಳ್ಕೊಡಬೇಡ.

ಬಾ ಇಲ್ಲಿ. ಕನ್ನಡಕ ಹಾಕ್ಕೋ. ಬೆಳಗ್ಗೆ ನೀನು ಪಾಲಿಶ್ ಬಟ್ಟೆ ತರೋಕೆ ಹೋದಾಗ ತೆಗೆದಿದ್ದು. ಬಾತುಕೋಳಿಯ ಬಾಗಿಲ ಕೆಳಗೆ ಉದ್ದಕ್ಕೂ ತಗಡಿನ ಪೆಟ್ಟಿಗೆ ಇದೆಯಲ್ಲ, ಇಡೀ ಕಾರಿಗೆ ಅದೇ ಬೆನ್ನುಮೂಳೆ. ನೀರು ಇಳಿಯೋ ತೂತಿನ ರಬ್ಬರ್ ಬಿರಡೆ ಕಿತ್ತು ಒಳಗೆ ಬಿಟ್ಟೆ. ನೋಡು, ಇದು ತುಕ್ಕಿನ ಪುಡಿ. ಇನ್ನೂ ಮುಂದೆ ನೋಡು. ಈ ಕಡೆ ಗೋಡೆ ಹಾಗೆ ಒಂದು ಗಟ್ಟಿ ತಗಡು ನಿಂತಿರಬೇಕು. ಎಲ್ಲಿದೆ? ಇಲಿ ತಿಂದ ರೊಟ್ಟಿ ಹಾಗೆ ಅಂಚು ಮಾತ್ರ ಉಳಿದಿದೆ. ಅದರ ಮೇಲೆ ಹೊರಗಿನಿಂದ ಹೊಸ ತಗಡು ಹಚ್ಚಿ ವೆಲ್ಡ್ ಎಳೆದು, ಪುಟ್ಟಿ ಮೆತ್ತಿ, ಉಜ್ಜಿ... ಅದರ ಮೇಲೆ ನಿನ್ನ ಬಣ್ಣ. ಒಳಗೆಲ್ಲ ಹುಳುಕು, ಮೇಲೆಲ್ಲ ತಳುಕು.

ದೊಡ್ಡದು ಮಾಡಿ ತೋರಿಸುತ್ತೆ ಅಂತೀಯಾ? ಅದೂ ನಿಜ, ಈ ಕಣ್ಣಿಗೆ ಸಾಸಿವೆ ಬೆಟ್ಟದ ಹಾಗೆ ಕಾಣುತ್ತೆ. ಅದಕ್ಕೇ ಕೆಳಗಿನಿಂದ ಸ್ಕ್ರೂಡ್ರೈವರ್ ಒತ್ತಿ ನೋಡಿದೆ. ಹಿಡಿಯವರೆಗೂ ಹೋಯ್ತು. ಬೆಣ್ಣೆಗೆ ಹೋದ ಹಾಗೆ. ಅದೂ ಎಲ್ಲಿ? ಜಾಕ್ ಕೊಡೋ ಜಾಗದಲ್ಲಿ.

ಈಗ ನಗು ನಿಂತಿತಲ್ಲ. ಒಳ್ಳೇದು.

ಡಾಕ್ಟರಮ್ಮ ಇದನ್ನ ಹೇಗೆ ಇಟ್ಕೊಂಡಿದ್ರು? ಯಜಮಾನರು ಹೋದ ಮೇಲೆ ವರ್ಷಕ್ಕೆ ನಾಲ್ಕು ಸಲ ಹೊರಗೆ ತೆಗೆದು ಬೀದಿ ಕೊನೆವರೆಗೆ ಓಡಿಸಿ ಒಳಗೆ ಇಡ್ತಿದ್ರು. ಈಗ ಮಗಳಿಗೆ ಕೊಡ್ತಿದ್ದಾರೆ. ಆ ಹುಡುಗಿ ಎರಡು ಮಕ್ಕಳನ್ನ ಹಿಂದೆ ಕೂರಿಸಿಕೊಂಡು ಊರಿಂದ ಊರಿಗೆ ಹೋಗೋಳು. ಫೋನಿನಲ್ಲಿ ನನಗೇ ಹೇಳಿದಳು, 'ಆಂಟಿ, ಟೈರ್ ಬದಲಾಯಿಸೋದಕ್ಕೆಲ್ಲ ನಾನು ಯಾರನ್ನೂ ಕರೆಯಲ್ಲ, ನಾನೇ ಜಾಕ್ ಹಾಕ್ಕೋತೀನಿ.' ಎಷ್ಟು ಖುಷಿಯಿಂದ ಹೇಳಿದಳು ಗೊತ್ತಾ. ಎಲ್ಲೋ ದಾರಿ ಪಕ್ಕ ಅವಳು ಜಾಕ್ ಏರಿಸಿ, ಚಕ್ರ ಕಳಚಿ, ಕೆಳಗೆ ಕೈ ಹಾಕಿದಾಗ ಆ ತಗಡು ಕುಸಿದ್ರೆ... ಮುಂದೆ ಹೇಳಬೇಕಾ? ನಿನ್ನ ಮೂರು ದಿನದ ಪಾಲಿಶ್ ಮುಖ್ಯಾನಾ, ಆ ಹುಡುಗಿಯ ಕೈ ಮುಖ್ಯಾನಾ?

ಅದಕ್ಕೇ ಈ ವಿಡಿಯೋ ತೋರಿಸ್ತೀನಿ. ಡಾಕ್ಟರಮ್ಮನೂ ಬಾಯೊಳಗೆ ಇಂಥದ್ದೇ ಕಣ್ಣು ಬಿಟ್ಟು ನೋಡೋರು. ಹುಳುಕು ಹಲ್ಲಿನ ಮೇಲೆ ಯಾರೋ ಕ್ಯಾಪ್ ಕೂರಿಸಿದ್ದಾರೆ ಅಂದ್ರೆ ಅರ್ಧ ಮಾತಿನಲ್ಲಿ ಅರ್ಥ ಆಗುತ್ತೆ.

ಯಾರೋ ಅಂದ್ರೆ... ಯಾರೋ. ನಮ್ಮ ಹತ್ರ ಬರೋಕೆ ಮುಂಚೆ ಎಷ್ಟು ಶೆಡ್ ಸುತ್ತಿ ಬಂದಿತ್ತೋ ಈ ಕಾರು. ಯಾವನೋ ಕೈಲಾಗದವನು ಮೆತ್ತಿ ಕಳಿಸಿದ್ದಾನೆ.

ಯಾಕೆ ಗೋಡೆ ಮೇಲಿನ ಆ ಫೋಟೋ ಕಡೆ ನೋಡ್ತೀಯ?

ಗೊತ್ತು ನನಗೆ, ಆ ಫೋಟೋ ನಾನೇ ಹಾಕಿದ್ದು. ಬಾತುಕೋಳಿ ಮೊದಲ ಸಲ ಇಲ್ಲಿಗೆ ಬಂದಾಗ, ಲಾರಿಯಿಂದ ಇಳಿಸಿದ ಮಾರನೇ ವಾರ ತೆಗೆದಿದ್ದು. ಕಾರು ಮಗ್ಗುಲಾಗಿ ಮಲಗಿದೆ, ಎರಡೂ ಕಡೆ ಪೆಟ್ಟಿಗೆ ಬಾಯಿ ಬಿಟ್ಕೊಂಡಿದೆ, ಅಪ್ಪ ಪಕ್ಕದಲ್ಲಿ ನಿಂತಿದ್ದಾರೆ. ಹೌದು, ಮುಚ್ಚಿದ್ದು ಇಲ್ಲೇ. ಈ ಶೆಡ್ಡಿನಲ್ಲೇ. ಹಾಗಾದ್ರೆ... ಅಪ್ಪನೇ ಇರಬೇಕು. ಯಾಕೆ, ಅಪ್ಪ ದೇವರಾ? ಕೊನೆಗಾಲಕ್ಕೆ ಕಣ್ಣು ಮಬ್ಬಾಗಿತ್ತು. ಸ್ಟ್ರೋಕ್ ಹೊಡೆಯೋಕೆ ಮುಂಚೆಯೇ ಕೈ ನಡುಗ್ತಿತ್ತು. ಮನುಷ್ಯ ಅಂದ ಮೇಲೆ...

ಹಾಗೆ ನೋಡಬೇಡ ಕಣೋ. ಏನಾದ್ರೂ ಹೇಳು. ಬಯ್ಯಿ. ಹುಟ್ಟಿದಾಗಿನಿಂದ ನಿನ್ನದೊಂದು ಇದೇ, ಬಾಯಿಗೆ ಬೀಗ ಹಾಕ್ಕೊಂಡು ಎದುರಿಗಿರೋರ ಬಾಯಿ ಬಿಡಿಸೋದು.

ಎಲ್ಲಿಗೆ ಹೋಗ್ತಿದ್ದೀಯ? ಆ ಕಡೆ ಏನಿದೆ? ಕೂತ್ಕೊಂಡು ಏನು ನೋಡ್ತೀಯ, ಅದೇ ತೂತು. ನಾನು ಹೇಳಿದ ತೂತೇ. ಬಲಗಡೆ.

ಹೂಂ. ಬಲಗಡೆ.

ಈ ಸಲ ಡಾಕ್ಟರಮ್ಮ ಕಾರು ಕಳಿಸಿದ್ದು ಎಡಗಡೆ ಹಿಂದಿನ ಬಾಗಿಲಿನ ಬಣ್ಣ ಗುಳ್ಳೆ ಎದ್ದಿದ್ದಕ್ಕೆ. ಬಲಗಡೆ ಯಾರೂ ನೋಡು ಅಂದಿರಲಿಲ್ಲ. ಒಂದು ಚುಕ್ಕೆ ತುಕ್ಕೂ ಹೊರಗೆ ಕಾಣ್ತಿರಲಿಲ್ಲ. ನಾಲ್ಕು ತೂತು ಇದೆ ಕಾರಿಗೆ, ನಾನು ಬಿರಡೆ ಕಿತ್ತಿದ್ದು ಅದೊಂದನ್ನೇ. ಅದನ್ನೇ ತಾನೇ ಕೇಳ್ತಿರೋದು ನೀನು, ಅಲ್ಲಿ ಕುಕ್ಕರುಗಾಲಲ್ಲಿ ಕೂತು?

ನಾನೇ ಕಣೋ. ಆಯ್ತಾ? ನಾನೇ ಹಚ್ಚಿದ್ದು. ಕತ್ತರಿಸಿದ್ದು ಅಪ್ಪ, ಮುಚ್ಚಿದ್ದು ನಾನು. ಎಡಗಡೆ ಅಪ್ಪ ಇದ್ದಾಗ ಮುಗಿದಿತ್ತು, ಒಳಗಿನ ತಗಡೂ ಹೊಸದು, ಇನ್ನೂ ನೂರು ವರ್ಷ ಇರುತ್ತೆ. ಬಲಗಡೆಗೆ ಬರೋಷ್ಟರಲ್ಲಿ ಅಪ್ಪ ಮಲಗಿಬಿಟ್ರು. ಆಸ್ಪತ್ರೆಯವರು ವಾರದ ಲೆಕ್ಕ ಹೇಳಿ ಕಳಿಸಿದ್ರು. ಅಪ್ಪ ದಿನಾ ಕೇಳ್ತಿದ್ರು, ಬಾತುಕೋಳಿ ಮುಗೀತಾ, ಮುಗೀತಾ. ಬಾಯಿ ಅರ್ಧ ಸೊಟ್ಟಗಾಗಿತ್ತು, ಆದ್ರೂ ಅದೊಂದು ಮಾತು ಸ್ಪಷ್ಟ. ಒಳಗಿನಿಂದ ಸರಿಯಾಗಿ ಮಾಡೋಕೆ ನಾಲ್ಕು ವಾರ ಬೇಕಿತ್ತು. ಅಪ್ಪನ ಹತ್ರ ನಾಲ್ಕು ವಾರ ಇರಲಿಲ್ಲ. ನಾನು ಒಂದೂವರೆ ದಿನದಲ್ಲಿ ಮುಚ್ಚಿದೆ. ನಿನ್ನ ಕೈಗೆ ಕೊಟ್ಟೆ, ನೀನು ಬಣ್ಣ ಹೊಡೆದೆ. ಹೋಗು, ತಪ್ಪು ಅನ್ನು. ಆ ದಿನ ಮತ್ತೆ ಬಂದ್ರೆ ಮತ್ತೆ ಅದನ್ನೇ ಮಾಡ್ತೀನಿ. ಅಪ್ಪ ಕಣ್ಣು ಮುಚ್ಚೋಕೆ ಮುಂಚೆ ಮುಗಿದ ಕಾರು ನೋಡಿದ್ರು, ಅಷ್ಟೇ.

ಆಮೇಲೆ ಬಿಚ್ಚಿ ಸರಿ ಮಾಡೋಣ ಅಂತ ಇದ್ದೆ. ನಿಜವಾಗ್ಲೂ ಇದ್ದೆ. ಅಪ್ಪ ತೀರಿಕೊಂಡ ವಾರವೇ ಡಾಕ್ಟರಮ್ಮ ಬಂದು ಕಣ್ಣೀರು ಹಾಕ್ಕೊಂಡು ಕಾರು ತಗೊಂಡು ಹೋದ್ರು. ಯಾವ ಬಾಯಲ್ಲಿ ಹೇಳಲಿ? ಎಂಟು ವರ್ಷ ಆಯ್ತು. ಬೀದಿ ಕೊನೆವರೆಗೆ ತಾನೇ ಓಡಿಸ್ತಾರೆ ಅಂತ ಸಮಾಧಾನ ಹೇಳ್ಕೊಂಡೆ.

ಈ ಕ್ಯಾಮೆರಾ ಯಾವತ್ತು ಬಂತು ಅಂತ ಯೋಚಿಸ್ತಿದ್ದೀಯ. ಯೋಚಿಸು, ತಪ್ಪೇನಿಲ್ಲ. ಎರಡು ತಿಂಗಳ ಹಿಂದೆ, ಆ ಹುಡುಗಿ ಫೋನ್ ಮಾಡಿದ ವಾರವೇ ತರಿಸಿದೆ. ಹಸಿರು ಕಾರು, ವಕೀಲರ ಗಾಡಿ, ಅದೆಲ್ಲ ಇದಕ್ಕೊಂದು ಹೆಸರು ಬರಲಿ ಅಂತ. ಇದು ಸುಳ್ಳು ಹೇಳಲ್ಲ ಅಂತ ನೀನೂ ನಂಬಲಿ, ನಾಲ್ಕು ಜನ ನಂಬಲಿ ಅಂತ. ಆಮೇಲೆ ಇದೇ ಹೇಳಿಬಿಡಲಿ, ನಾನು ಹೇಳೋದು ಬೇಡ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ. ನನಗೆ ಬೇಕಾಯ್ತು ಕಣೋ. ಐದು ಮೀಟರ್ ವಯರ್ ಇರೋ ಕನ್ನಡಿ.

ಸರಿ, ಈಗ ಏಳು. ಮುಖ ಹಾಗೆ ಮಾಡ್ಕೋಬೇಡ. ಕೆಲಸದಲ್ಲಿ ಒಂದು ತಪ್ಪಾಯ್ತು, ಅಷ್ಟಕ್ಕೇ ನಾನು ಕೆಲಸ ಬಾರದವಳು ಆಗಲ್ಲ. ಅಪ್ಪನೇ ಒಪ್ಪಿದ ಕೈ ಇದು. ಕೊನೇ ಸಲ ಇಲ್ಲಿಗೆ ಬಂದಾಗ, ಗಾಲಿ ಕುರ್ಚಿಯಲ್ಲಿ ಕೂತು, ಬಾತುಕೋಳಿ ನೋಡಿ ಏನಂದ್ರು? 'ನನ್ನ ಕೈಗಿಂತ ನಿನ್ನ ಕೈ ಒಂದು ತೂಕ ಮೇಲು.' ಸಾವಿಗೆ ಬಂದವರಿಗೆಲ್ಲ ಹೇಳಿದೀನಿ ಇದನ್ನ. ಅಮ್ಮ ಇವತ್ತಿಗೂ ಮನೆಗೆ ಬಂದವರಿಗೆ ಹೇಳ್ತಾಳೆ. ಆ ಮಾತು ಇಟ್ಕೊಂಡೇ ನಾನು ಎಂಟು ವರ್ಷ ಈ ಶೆಡ್ ನಡೆಸಿರೋದು, ಹೆಂಗಸು ವೆಲ್ಡಿಂಗ್ ಮಾಡ್ತಾಳಾ ಅಂದವರ ಮುಂದೆ.

ಯಾಕೆ ಪೇಂಟ್ ಕೋಣೆ ಕಡೆ ತಿರುಗಿದೆ?

ಆವತ್ತು ನೀನು ಇರಲಿಲ್ಲ. ತಿನ್ನರ್ ತರೋಕೆ ಹೋಗಿದ್ದೆ. ಅಪ್ಪ ಬಂದು ಹೋದ ಮೇಲೆ ವಾಪಸ್ ಬಂದೆ.

ಹೋಗಿರಲಿಲ್ವಾ?

...ಆ ಪರದೆ ಹಿಂದೆಯೇ ಇದ್ದೆಯಾ? ಅಷ್ಟೂ ಹೊತ್ತು?

ಹಾಗಾದ್ರೆ ಕೇಳಿಸಿರುತ್ತೆ ನಿನಗೆ. ಅಪ್ಪ ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು ಕಾರಿನ ಎಡಗಡೆ ತಟ್ಟಿದ್ರು. ಟಣ್ ಅಂತು. ಕುರ್ಚಿ ಆ ಕಡೆ ತಳ್ಳು ಅಂದ್ರು, ತಳ್ಳಿದೆ. ಬಲಗಡೆ ತಟ್ಟಿದ್ರು. ದಬ್ ಅಂತು. ಇನ್ನೊಂದು ಸಲ ತಟ್ಟಿದ್ರು. ಆಮೇಲೆ ಸ್ಪ್ಯಾನರ್ ತೊಡೆ ಮೇಲೆ ಇಟ್ಕೊಂಡು ನನ್ನ ಮುಖ ನೋಡಿದ್ರು. ಎಷ್ಟು ಹೊತ್ತು ನೋಡಿದ್ರು ಅಂತ ನಿನಗೆ ಕಂಡಿರಲ್ಲ, ಪರದೆ ಇತ್ತು. ನಾನು ತಲೆ ತಗ್ಗಿಸಲಿಲ್ಲ. ಅವರು ಹೇಳಿದ್ದು ಅದೊಂದೇ ಮಾತು, 'ಬಣ್ಣ ಚೆನ್ನಾಗಿ ಬಂದಿದೆ. ಮನೆಗೆ ಹೋಗೋಣ.'

ನಿನ್ನ ಬಣ್ಣ. ಅಪ್ಪ ಹೊಗಳಿದ್ದು ನಿನ್ನನ್ನ. 'ಒಂದು ತೂಕ ಮೇಲು' ಅನ್ನೋ ಮಾತು ಅವರು ಆಡಲೇ ಇಲ್ಲ, ನಾನೇ ಕಟ್ಟಿದ್ದು. ಎಂಟು ವರ್ಷ ನಾನು ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ರೆ ನೀನು ಪಕ್ಕದಲ್ಲೇ ನಿಂತು ತಲೆ ಅಲ್ಲಾಡಿಸ್ತಿದ್ದೆ. ಅಮ್ಮನ ಮುಂದೆ ಕೂಡ. ಯಾಕೋ? ಒಂದು ಸಲ, ಒಂದೇ ಸಲ, ಅಪ್ಪ ಹೊಗಳಿದ್ದು ನನ್ನನ್ನ ಅನ್ನಬೇಕು ಅಂತ ನಿನಗೆ ಅನ್ನಿಸಲಿಲ್ವಾ?

...ಗೇಟಿನ ಸದ್ದು. ಬಂದ್ರು.

ನೀನು ಇಲ್ಲೇ ಇರು. ಕೀಲಿಕೈ ನನ್ನ ಹತ್ರ ಇರಲಿ, ನಾನೇ ಹೋಗಿ ಹೇಳ್ತೀನಿ. ಯಾವ ಕಡೆ, ಯಾರ ಕೈ, ಯಾಕೆ, ಎಲ್ಲ. ಫೋನ್ ಬೇಡ, ಅಲ್ಲೇ ಇಡು.

ಏನು ಮಾಡ್ತಿದ್ದೀಯ? ಆ ಬ್ಲೇಡ್ ಯಾಕೆ? ತಡಿಯೋ, ಮೊನ್ನೆ ತಾನೇ ಪಾಲಿಶ್ ಮಾಡಿದ ಬಣ್ಣ ಅದು... ಕೆರೀಬೇಡ... ನಿನ್ನ ಕೈಯಾರೆ...

ಸರಿ. ಕೆರಿ. ಮುಂದಿನ ಚಕ್ರದ ಪಕ್ಕದಿಂದ ಶುರು ಮಾಡು, ನನ್ನ ವೆಲ್ಡ್ ಅಲ್ಲಿಂದ ಶುರುವಾಗುತ್ತೆ. ಅವರು ಒಳಗೆ ಬರೋಷ್ಟರಲ್ಲಿ ಕಾಣಲಿ.