ಫೋನಿನಲ್ಲಿ ಒಡೆದ ಗೋಡೆ

ಅರಬ್ ನಾಡಿನ ಅಲ್ ಖೌದ್‌ನಲ್ಲಿ, ಅರ್ಜಿ-ದೂರು ಬರೆದುಕೊಡುವ ಟೈಪಿಂಗ್ ಅಂಗಡಿಯಲ್ಲಿ ಕಾಯುತ್ತಿದ್ದ ಮಾರ್ಸೆಲಿನಳ ಕಿವಿಗೆ ಪಕ್ಕದವರ ಜಗಳ ಬಿತ್ತು. ಒಬ್ಬ ಹೋಟೆಲ್ ಕಟ್ಟಿಸುತ್ತಿದ್ದ ಶಿಹಾಬ್, ಇನ್ನೊಬ್ಬ ಅದರ ಕಂಟ್ರಾಕ್ಟರ್ ಎಡ್ವರ್ಡ್. ಇಬ್ಬರೂ ಒಬ್ಬರ ಮೇಲೊಬ್ಬರು ದೂರು ಬರೆಸಲು ಬಂದವರು.

“ಅಡುಗೆಮನೆ ಗೋಡೆ ಒಡೀಲಿಕ್ಕೆ ಹೇಳಿದ್ದು ಯಾರು? ನನ್ನ ಹೋಟೆಲಿನ ಲೈಸೆನ್ಸೇ ನಿಂತಿತು!”

“ನೀವೇ ಫೋನಲ್ಲಿ ಹೇಳಿದ್ದಲ್ವಾ ಸಾಹೇಬ್ರೆ?”

“ಹಸಿ ಸುಳ್ಳು! ಬದಲಾವಣೆ ಏನಿದ್ರೂ ಬರಹದಲ್ಲಿ ಬೇಕು ಅಂತ ಕರಾರಲ್ಲೇ ಉಂಟು.”

“ನಾನು ಕಾಗದ ತಂದಾಗ, ‘ಊರವರ ಮಧ್ಯೆ ಎಂತ ಸಹಿ ಮಾರಾಯ’ ಅಂತ ನಕ್ಕದ್ದು ಯಾರು?”

ಟೈಪಿಸ್ಟ್ ಕರಾರಿನ ಪ್ರತಿ ಕೇಳಿದ. ಶಿಹಾಬ್ ಚೀಲ ತಡಕಾಡಿದ, ಸಿಗಲಿಲ್ಲ. ಎಡ್ವರ್ಡ್ ಕಡೆಗೆ ಕೈ ಚಾಚಿದ.

“ನಿಮ್ಮದು ಕೊಡಿ. ಜೆರಾಕ್ಸ್ ಮಾಡಿ ವಾಪಸ್ ಕೊಡ್ತೇನೆ.”

ಎಡ್ವರ್ಡ್ ಮಾರ್ಸೆಲಿನಳ ಪೆನ್ನು ಕೇಳಿ ತೆಗೆದುಕೊಂಡು ಶಿಹಾಬನ ಮುಂದೆ ಹಿಡಿದ.

“ತಗೊಂಡಿದ್ದೇನೆ ಅಂತ ಮೊದಲು ಬರೆದು ಸಹಿ ಹಾಕಿ.”

ಶಿಹಾಬ್ ಹಲ್ಲು ಕಚ್ಚಿಕೊಂಡು ಬರೆದುಕೊಟ್ಟ. ಇಬ್ಬರೂ ಬೈದಾಡುತ್ತಲೇ ಜೆರಾಕ್ಸ್ ಅಂಗಡಿಗೆ ಹೊರಟರು, ಪೆನ್ನೂ ಅವರೊಂದಿಗೇ ಹೋಯಿತು. ಅದಕ್ಕೆ ಮಾರ್ಸೆಲಿನ್ ಏನನ್ನೂ ಬರೆಸಿಕೊಂಡಿರಲಿಲ್ಲ.